ಇಪ್ಪತ್ತೆರಡು ಗಜ ಗ್ಯಾರೇಜಿನೊಳಗೆ ಹಿಡಿಯುತ್ತಾ?

ಈ ಸಲದ ಸಂಚಿಕೆ ಹುಟ್ಟಿದ್ದು ಅಟ್ಲಾಂಟಾದಿಂದ ಬಂದ ಒಂದು ಪ್ರಶ್ನೆಯಿಂದ.

ಅಟ್ಲಾಂಟಾದ ಉತ್ತರಕ್ಕೆ ಜಾನ್ಸ್ ಕ್ರೀಕ್ ಅಂತ ಊರಿದೆ. ಅಲ್ಲಿಂದ ಒಬ್ಬ ತಾಯಿ ನಮಗೆ ಬರೆದಿದ್ದರು. ಮಗಳಿಗೆ ಹದಿನೈದು ವರ್ಷ, ಕ್ರಿಕೆಟ್ ಅಂದರೆ ಪ್ರಾಣ. ವಾರಕ್ಕೆ ಮೂರು ದಿನ ನೆಟ್ ಪ್ರಾಕ್ಟೀಸು. ಹೋಗಿ ಬರುವುದರಲ್ಲೇ ಒಂದೂವರೆ ಗಂಟೆ ಕಾರಿನೊಳಗೆ ಕಳೆದುಹೋಗುತ್ತೆ, ಹೋಮ್‌ವರ್ಕೂ ಅಲ್ಲೇ, ಊಟವೂ ಅಲ್ಲೇ. ಡಿಸೆಂಬರ್ ಬಂತು ಅಂದರೆ ಸಂಜೆ ಐದೂವರೆಗೆ ಸೂರ್ಯ ಮುಳುಗುತ್ತಾನೆ. ಹಿತ್ತಿಲು ಇದೆ, ಆದರೆ ಪೂರ್ತಿ ಇಳಿಜಾರು. ಉಳಿದಿರುವುದು ಎರಡು ಕಾರು ನಿಲ್ಲುವ ಗ್ಯಾರೇಜು ಮತ್ತು ಕೆಳಗಿನ ಬೇಸ್‌ಮೆಂಟು. ಅವರ ಪ್ರಶ್ನೆ ನೇರವಾಗಿತ್ತು: ಬಲೆ, ಹಾಸು, ಬೌಲಿಂಗ್ ಮಷೀನು ಅಂತ ಸಾವಿರಾರು ಡಾಲರ್ ಹಾಕಿದರೆ ಅವಳ ಆಟಕ್ಕೆ ನಿಜವಾಗಿ ಉಪಯೋಗ ಆಗುತ್ತಾ, ಇಲ್ಲ ನಮ್ಮ ಸಮಾಧಾನಕ್ಕೆ ಮಾತ್ರವಾ?

ಇದು ಆ ಒಂದು ಮನೆಯ ಪ್ರಶ್ನೆಯಲ್ಲ. ಆಲ್ಫರೆಟಾ, ಕಮಿಂಗ್ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ಇದೇ ಲೆಕ್ಕಾಚಾರ ನಡೆಯುತ್ತಿರುತ್ತೆ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರಿಗೂ ತಾರಸಿ ನೋಡಿದಾಗಲೆಲ್ಲ ಇದೇ ಯೋಚನೆ. ಹಾಗಾಗಿ ಈ ಸಂಚಿಕೆಯಲ್ಲಿ ಟೇಪು, ಕಾಗದ, ಪೆನ್ಸಿಲ್ ಹಿಡಿದು ಕೂತು ಲೆಕ್ಕ ಹಾಕೋಣ. ದೊಡ್ಡ ಆಟವನ್ನು ಚಿಕ್ಕ ಜಾಗದೊಳಗೆ ಕೂರಿಸುವಾಗ ಏನು ಉಳಿಯುತ್ತೆ, ಏನು ಕಳೆದುಹೋಗುತ್ತೆ?

ಒಂದು ಪರದೆ, ಒಂದು ಮದುವೆ ಮನೆ

ಜಾಗ ಸಾಲದು ಅನ್ನುವ ಸಮಸ್ಯೆ ದೊಡ್ಡವರಿಗೂ ಬರುತ್ತೆ. 1996ರ ಒಲಿಂಪಿಕ್ಸ್ ನಡೆದದ್ದು ಅಟ್ಲಾಂಟಾದಲ್ಲೇ. ಲಿಯಾಂಡರ್ ಪೇಸ್ ಟೆನಿಸ್‌ನಲ್ಲಿ ಕಂಚು ಗೆದ್ದ ಕೂಟ, ನೆನಪಿರಬಹುದು. ಆಗ ಊರಿನ ನಡುವೆ ಜಾರ್ಜಿಯಾ ಡೋಮ್ ಅಂತ ದೊಡ್ಡ ಒಳಾಂಗಣ ಕ್ರೀಡಾಂಗಣ ಇತ್ತು. ಬ್ಯಾಸ್ಕೆಟ್‌ಬಾಲಿಗೂ ಅದೇ ಬೇಕು, ಜಿಮ್ನಾಸ್ಟಿಕ್ಸಿಗೂ ಅದೇ ಬೇಕು. ಏನು ಮಾಡಿದರು ಗೊತ್ತಾ? ಮಧ್ಯಕ್ಕೆ ಒಂದು ಭಾರೀ ಪರದೆ ಇಳಿಬಿಟ್ಟರು. ಈ ಕಡೆ ಬ್ಯಾಸ್ಕೆಟ್‌ಬಾಲು, ಆ ಕಡೆ ಜಿಮ್ನಾಸ್ಟಿಕ್ಸು. 2017ರ ನವೆಂಬರಿನಲ್ಲಿ ಆ ಡೋಮನ್ನು ಸ್ಫೋಟಕ ಇಟ್ಟು ಕೆಡವಿದರು. ಈಗ ಪಕ್ಕದಲ್ಲೇ ಹೊಸ ಕ್ರೀಡಾಂಗಣ ಇದೆ.

ಅದೇ ಒಲಿಂಪಿಕ್ಸಿನ ಈಜು ನಡೆದದ್ದು ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಆವರಣದಲ್ಲಿ. ಆಗ ಕೊಳಕ್ಕೆ ಮೇಲೆ ಸೂರು ಇತ್ತು, ಸುತ್ತ ಗೋಡೆ ಇರಲಿಲ್ಲ. ಊರ ನಡುವಿನ ಕ್ಯಾಂಪಸ್ಸು, ಅಕ್ಕಪಕ್ಕ ಬೆಳೆಯಲು ಜಾಗವಿಲ್ಲ. ಆಮೇಲೆ ಗೋಡೆ ಕಟ್ಟಿ ಮುಚ್ಚಿದಾಗ, ಕೊಳದ ಮೇಲೆ ಸೂರಿನ ಕೆಳಗೆ ಖಾಲಿ ಉಳಿದಿದ್ದ ಎತ್ತರದಲ್ಲಿ ಇನ್ನೊಂದು ಮಹಡಿಯನ್ನೇ ಹೊಂದಿಸಿ ಬ್ಯಾಸ್ಕೆಟ್‌ಬಾಲ್ ಅಂಕಣಗಳನ್ನು ಮಾಡಿಕೊಂಡರು. ಕೆಳಗೆ ಈಜು, ಮೇಲೆ ಚೆಂಡಾಟ.

ನಮ್ಮ ಊರಿನ ಕಥೆ ಇದಕ್ಕಿಂತ ಚೆನ್ನಾಗಿದೆ. ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಎಲ್ಲಿ? ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆಗೆ ಬಾಡಿಗೆ ಕೊಡುತ್ತಿದ್ದ ಹಾಲು. ಮದುವೆ ಇದ್ದರೆ ಅಂದು ಆಟ ಇಲ್ಲ. ಲಗ್ನದ ಕಾಲ ಬಂದರೆ ಪ್ರಾಕ್ಟೀಸಿಗೆ ರಜೆ. ಅಂಥ ಹಾಲಿನಲ್ಲಿ ಬೆಳೆದ ಹುಡುಗ 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು.

ಮೂರೂ ಕಡೆ ಜಾಗವನ್ನು ಹಂಚಿಕೊಂಡರು: ಒಂದು ಕಡೆ ಪರದೆಯಿಂದ, ಒಂದು ಕಡೆ ಮಹಡಿಯಿಂದ, ಒಂದು ಕಡೆ ಪಂಚಾಂಗದಿಂದ. ಆದರೆ ಒಂದು ವಿಷಯ ಗಮನಿಸಿ. ಅಂಕಣದ ಅಳತೆಯನ್ನು ಯಾರೂ ಮುಟ್ಟಲಿಲ್ಲ. ಬ್ಯಾಡ್ಮಿಂಟನ್ ಅಂಕಣ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಮದುವೆ ಇಲ್ಲದ ದಿನ ಪಡುಕೋಣೆ ಅವರಿಗೆ ಸಿಗುತ್ತಿದ್ದದ್ದು ಪೂರ್ತಿ ಅಂಕಣ. ಗ್ಯಾರೇಜಿನ ಸಮಸ್ಯೆ ಬೇರೆ. ಅಲ್ಲಿ ನಾವು ಆಟದ ಅಳತೆಯನ್ನೇ ಕತ್ತರಿಸಬೇಕು.

ಸಮಯವನ್ನು ಉಳಿಸಿಕೊಂಡರೆ ಸಾಕಾ?

ಈಗ ಟೇಪು ಹಿಡಿಯೋಣ. ಕ್ರಿಕೆಟ್ ಪಿಚ್ಚು 22 ಗಜ. ಬೌಲರ್ ಕಾಲಿಡುವ ಗೆರೆಯಿಂದ ಬ್ಯಾಟರ್ ನಿಲ್ಲುವ ಗೆರೆಗೆ 58 ಅಡಿ, ಅಂದರೆ ಸುಮಾರು 17.7 ಮೀಟರ್. ಗಂಟೆಗೆ 127 ಕಿಲೋಮೀಟರ್ ವೇಗದ ಚೆಂಡು ಇಷ್ಟು ದೂರ ಬರಲು ಅರ್ಧ ಸೆಕೆಂಡು ಬೇಕು. ಗಾಳಿಯ ತಡೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಹದಿನೈದರ ಹುಡುಗಿ ಇಷ್ಟು ವೇಗ ಎದುರಿಸುವುದು ಅಪರೂಪ, ಲೆಕ್ಕ ಸುಲಭವಾಗಲಿ ಅಂತ ಈ ಅಂಕಿ ತೆಗೆದುಕೊಂಡಿದ್ದೇವೆ.

ಎರಡು ಕಾರಿನ ಗ್ಯಾರೇಜು ಸಾಮಾನ್ಯವಾಗಿ 20ರಿಂದ 24 ಅಡಿ ಆಳ. 22 ಅಡಿ ಅಂತಿಟ್ಟುಕೊಳ್ಳಿ. ಬ್ಯಾಟರ್ ಹಿಂದೆ ಜಾಗ ಬೇಕು, ಬಲೆಗೂ ಗೋಡೆಗೂ ನಡುವೆ ಜಾಗ ಬೇಕು, ಮಷೀನಿಗೆ ಜಾಗ ಬೇಕು. ಎಲ್ಲ ಕಳೆದು ಉಳಿಯುವುದು 4.7 ಮೀಟರ್. ಇಷ್ಟು ಹತ್ತಿರದಿಂದ 127ರ ವೇಗದಲ್ಲಿ ಎಸೆದರೆ ಅದು ಅಭ್ಯಾಸವಲ್ಲ, ಅಪಾಯ.

ಇಲ್ಲಿ ಎಲ್ಲರಿಗೂ ಹೊಳೆಯುವ ಉಪಾಯ: ದೂರ ಕಮ್ಮಿಯಾದಷ್ಟೇ ವೇಗವನ್ನೂ ಕಮ್ಮಿ ಮಾಡಿಬಿಡಿ. 4.7 ಮೀಟರನ್ನು ಅರ್ಧ ಸೆಕೆಂಡಿನಲ್ಲಿ ದಾಟಲು ಗಂಟೆಗೆ 34 ಕಿಲೋಮೀಟರ್ ಸಾಕು. ಚೆಂಡು ನೋಡಿ ನಿರ್ಧಾರ ಮಾಡಲು ಅದೇ ಅರ್ಧ ಸೆಕೆಂಡು ಸಿಕ್ಕಿತಲ್ಲ! ಜಾಗ ಇಲ್ಲದ ಕಡೆ ಮಷೀನು ಹಾಕಿಸುವವರು ಹೇಳುವ ಲೆಕ್ಕ ಸಾಮಾನ್ಯವಾಗಿ ಇದೇ. ಅರ್ಧ ನಿಜ.

ಉಳಿದರ್ಧ ಏನು? ಗುರುತ್ವ. ನಾವು ದೂರ ಕುಗ್ಗಿಸಿದೆವು, ವೇಗ ಕುಗ್ಗಿಸಿದೆವು, ಆದರೆ ಭೂಮಿ ತನ್ನ ಎಳೆತವನ್ನು ನಮಗೋಸ್ಕರ ಕುಗ್ಗಿಸುವುದಿಲ್ಲ. ಅರ್ಧ ಸೆಕೆಂಡಿನಲ್ಲಿ ಯಾವ ಚೆಂಡಾದರೂ ಸುಮಾರು 1.2 ಮೀಟರ್ ಕೆಳಗೆ ಬೀಳುತ್ತೆ. ಮೈದಾನದಲ್ಲಿ ಈ 1.2 ಮೀಟರ್ ಇಳಿತ 17.7 ಮೀಟರ್ ಉದ್ದಕ್ಕೆ ಹರಡಿಕೊಂಡಿರುತ್ತೆ. ಗ್ಯಾರೇಜಿನಲ್ಲಿ 4.7 ಮೀಟರಿನೊಳಗೆ ಮುಗಿಯಬೇಕು. ನೆಲಕ್ಕೆ ಪುಟಿಯದೆ ನೇರ ಬರುವ ಫುಲ್ ಟಾಸ್ ಅಂತ ಭಾವಿಸಿ ಲೆಕ್ಕ ಮಾಡಿದರೆ, ಮೈದಾನದಲ್ಲಿ ಚೆಂಡು ಬ್ಯಾಟಿಗೆ ಬರುವಾಗ ಸುಮಾರು 8 ಡಿಗ್ರಿ ಇಳಿಜಾರಿನಲ್ಲಿರುತ್ತೆ. ಗ್ಯಾರೇಜಿನಲ್ಲಿ 27 ಡಿಗ್ರಿ ದಾಟುತ್ತೆ. ಅಂದರೆ ಅವಳು ಅಭ್ಯಾಸ ಮಾಡುವುದು ವೇಗದ ಬೌಲಿಂಗಿಗಲ್ಲ, ಯಾರೋ ಮೆಲ್ಲಗೆ ಎತ್ತಿ ಹಾಕಿದ ಚೆಂಡಿಗೆ. ಗಡಿಯಾರ ಸರಿ, ದಾರಿ ತಪ್ಪು. ನಿಧಾನದ ಬೌಲರನ್ನು ಅನುಕರಿಸಲು ಹೊರಟರೆ ಸಮಯ ಜಾಸ್ತಿ, ಇಳಿತವೂ ಜಾಸ್ತಿ, ತೊಂದರೆ ಇನ್ನಷ್ಟು.

ಬೇಸ್‌ಮೆಂಟಿನಲ್ಲಿ ಮನೆಯ ಪೂರ್ತಿ ಉದ್ದ ಸಿಕ್ಕಿತು, ಎಲ್ಲ ಕಳೆದು 10 ಮೀಟರ್ ಉಳಿಯಿತು ಅನ್ನಿ. ಆಗ ವೇಗ ಗಂಟೆಗೆ 72 ಕಿಲೋಮೀಟರ್, ಇಳಿಜಾರು 14 ಡಿಗ್ರಿ. ಮೈದಾನದ ಹಾಗಲ್ಲ, ಆದರೆ ಗ್ಯಾರೇಜಿಗಿಂತ ಎಷ್ಟೋ ವಾಸಿ. ಬಹಳ ಮನೆಗಳಲ್ಲಿ ಮಧ್ಯೆ ಉಕ್ಕಿನ ಕಂಬ ಅಡ್ಡ ನಿಂತಿರುತ್ತೆ, ಅದು ಮನೆಯ ಭಾರ ಹೊತ್ತಿರುವ ಕಂಬ. ಅದನ್ನು ತೆಗೆಯುವ ಯೋಚನೆ ಬೇಡ. ಬಲೆಯನ್ನೇ ಪಕ್ಕಕ್ಕೆ ಸರಿಸಿ, ಕಂಬಕ್ಕೆ ದಪ್ಪ ಫೋಮು ಸುತ್ತಿ.

ಕಣ್ಣು ಏನು ನೋಡುತ್ತೆ?

ಕಳೆದುಹೋಗುವ ಇನ್ನೊಂದು ಸಂಗತಿ ಟೇಪಿಗೆ ಸಿಗುವಂಥದ್ದಲ್ಲ. 2000ನೇ ಇಸವಿಯಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯೋಡ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಬ್ಯಾಟ್ಸ್‌ಮನ್ನರ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಅವರ ನೋಟ ಎಲ್ಲಿಗೆ ಹೋಗುತ್ತೆ ಅಂತ ದಾಖಲಿಸಿದರು. ‘ಚೆಂಡಿನ ಮೇಲಿಂದ ಕಣ್ಣು ತೆಗೀಬೇಡ’ ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರಲ್ಲ, ಹಾಗೆ ಯಾರೂ ಮಾಡುತ್ತಿರಲಿಲ್ಲ! ಚೆಂಡು ಹೊರಬಂದ ಕ್ಷಣ ನೋಡಿ, ಅದು ಎಲ್ಲಿ ಪುಟಿಯಬಹುದೋ ಆ ಜಾಗಕ್ಕೆ ಕಣ್ಣು ಮೊದಲೇ ನೆಗೆದು ಕಾಯುತ್ತಿತ್ತು. ಚೆನ್ನಾಗಿ ಆಡುವವರ ಕಣ್ಣು ಬೇಗ ನೆಗೆಯುತ್ತಿತ್ತು.

ಅಂದರೆ ಬ್ಯಾಟಿಂಗಿನ ದೊಡ್ಡ ಪಾಲು ಊಹೆ. ಆ ಊಹೆಗೆ ಸುಳಿವು ಎಲ್ಲಿಂದ? ಬೌಲರಿನ ಓಟ, ಭುಜ, ಮಣಿಕಟ್ಟು, ಬೆರಳಿನಿಂದ. ಮಷೀನಿಗೆ ಮಣಿಕಟ್ಟಿಲ್ಲ. ಆಸ್ಟ್ರೇಲಿಯಾದಲ್ಲಿ ರಾಸ್ ಪಿಂಡರ್, ಇಯಾನ್ ರೆನ್‌ಶಾ, ಕೀತ್ ಡೇವಿಡ್ಸ್ ಇವರು ಎಳೆಯ ಬ್ಯಾಟ್ಸ್‌ಮನ್ನರನ್ನು ನಿಜವಾದ ಬೌಲರ್ ಮುಂದೆ ಒಮ್ಮೆ, ಮಷೀನಿನ ಮುಂದೆ ಒಮ್ಮೆ ನಿಲ್ಲಿಸಿ ನೋಡಿದರು. ಬ್ಯಾಟು ಎತ್ತುವ ಸಮಯ, ಮುಂಗಾಲು ಇಡುವ ಸಮಯ ಎರಡೂ ಬದಲಾದವು. ಹೊರಗಿನಿಂದ ಒಂದೇ ಹೊಡೆತದಂತೆ ಕಂಡರೂ ದೇಹ ಬೇರೆ ಪಾಠ ಕಲಿಯುತ್ತಿರುತ್ತೆ.

ಹಾಗಾದರೆ ಚಿಕ್ಕ ಜಾಗ ದಂಡವಾ? ಅಲ್ಲ. ಟ್ರೆಡ್‌ಮಿಲ್ ನೆನಪಿಸಿಕೊಳ್ಳಿ. ಹತ್ತು ಕಿಲೋಮೀಟರ್ ರಸ್ತೆಯನ್ನು ಎರಡು ಮೀಟರಿಗೆ ಮಡಚಿಟ್ಟ ಯಂತ್ರ ಅದು. ಅಲ್ಲೂ ಒಂದು ಕಳೆದುಹೋಗುತ್ತೆ: ಎದುರು ಗಾಳಿ. ಆಂಡ್ರ್ಯೂ ಜೋನ್ಸ್ ಮತ್ತು ಜೊನಾಥನ್ ಡೌಸ್ಟ್ ಅನ್ನುವವರು 1996ರಲ್ಲಿ ಅಳೆದು ನೋಡಿ, ಟ್ರೆಡ್‌ಮಿಲ್ಲನ್ನು ಶೇಕಡಾ 1ರಷ್ಟು ಏರು ಮಾಡಿದರೆ ಹೊರಗೆ ಓಡಿದಷ್ಟೇ ಶಕ್ತಿ ಖರ್ಚಾಗುತ್ತೆ ಅಂತ ತೋರಿಸಿದರು. ಕಳೆದುಹೋದದ್ದು ಏನು ಅಂತ ಗೊತ್ತಾಗಿದ್ದರಿಂದ ಅದನ್ನು ತುಂಬಿಕೊಡಲು ಸಾಧ್ಯವಾಯಿತು. ಚಿಕ್ಕ ಜಾಗದ ಎಂಜಿನಿಯರಿಂಗ್ ಅಂದರೆ ಇಷ್ಟೇ. ಏನು ಕಳೆಯಿತು ಅಂತ ಮೊದಲು ಪಟ್ಟಿ ಮಾಡಿ. ತುಂಬಿಕೊಡಲು ಆಗುವುದನ್ನು ತುಂಬಿ. ಆಗದ್ದನ್ನು ಅಲ್ಲಿ ಕಲಿಸಲು ಹೋಗಬೇಡಿ.

ಬಲೆ ಕಟ್ಟುವ ಮುನ್ನ

ಈಗ ನಮ್ಮದೇ ಒಂದು ಪೆದ್ದುತನ ಹೇಳಬೇಕು. ಈ ಸಂಚಿಕೆಗಾಗಿ ನಮ್ಮ ತಂಡದವರೊಬ್ಬರ ಗ್ಯಾರೇಜಿನಲ್ಲಿ ಬಲೆ ಕಟ್ಟಿದೆವು. ಆ ಗೋಡೆಯಿಂದ ಈ ಗೋಡೆಗೆ ಉಕ್ಕಿನ ತಂತಿ, ಅದಕ್ಕೆ ಬಲೆ. ತಂತಿ ಮಧ್ಯದಲ್ಲಿ ಜೋತು ಬಿದ್ದಿತ್ತು. ನೋಡಲು ಚೆನ್ನಾಗಿಲ್ಲ ಅಂತ ತಿರುಪು ಹಾಕಿ ಬಿಗಿ ಮಾಡಿದೆವು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಟಪ್ ಅಂತ ಕೊಕ್ಕೆ ಗೋಡೆಯಿಂದ ಕಿತ್ತು ಬಂತು, ಬಲೆ ಮಗುವಿನ ಸೈಕಲ್ ಮೇಲೆ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ನಿಂತಿರಲಿಲ್ಲ.

ಬಲೆಯ ತೂಕ ಹತ್ತೇ ಕಿಲೋ. ಹೇಗೆ ಕಿತ್ತು ಬಂತು? ಆರು ಮೀಟರ್ ಉದ್ದದ ತಂತಿ ಮಧ್ಯೆ 30 ಸೆಂಟಿಮೀಟರ್ ಜೋತುಬಿದ್ದಿದ್ದರೆ ಪ್ರತಿ ಕೊಕ್ಕೆಯ ಮೇಲೆ ಬೀಳುವ ಎಳೆತ ಸುಮಾರು 25 ಕಿಲೋ ತೂಕದಷ್ಟು. ಜೋತು 10 ಸೆಂಟಿಮೀಟರಿಗೆ ಇಳಿಸಿದರೆ 75 ಕಿಲೋ. 2 ಸೆಂಟಿಮೀಟರಿಗೆ ಇಳಿಸಿದರೆ 375 ಕಿಲೋ! ಪೂರ್ತಿ ನೆಟ್ಟಗೆ ಮಾಡಲು ಹೊರಟರೆ ಎಳೆತಕ್ಕೆ ಮಿತಿಯೇ ಇಲ್ಲ. ಬಟ್ಟೆ ಒಣಹಾಕುವ ತಂತಿ ಯಾವ ಮನೆಯಲ್ಲಾದರೂ ಸ್ವಲ್ಪ ಜೋತೇ ಇರುತ್ತಲ್ಲ, ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಅಮೆರಿಕದ ಮನೆಗಳ ಒಳಗೋಡೆ ಜಿಪ್ಸಮ್ ಹಲಗೆ. ಕೊಕ್ಕೆಯನ್ನು ಅದರ ಹಿಂದಿರುವ ಮರದ ಸ್ಟಡ್ಡಿಗೇ ಹಾಕಬೇಕು, ತಂತಿಗೆ ಒಂದಷ್ಟು ಜೋತು ಬಿಡಬೇಕು. ಗ್ಯಾರೇಜ್ ಬಾಗಿಲಿನ ಮೇಲಿರುವ ಸ್ಪ್ರಿಂಗು ಮತ್ತು ಅದರ ಹಳಿಗೆ ಏನನ್ನೂ ಕಟ್ಟಬೇಡಿ. ಆ ಸ್ಪ್ರಿಂಗಿನೊಳಗೆ ಕೂತಿರುವ ಶಕ್ತಿ ಮೂಳೆ ಮುರಿಯುವಷ್ಟಿದೆ.

ಬಲೆಗೂ ಅದೇ ನಿಯಮ: ಸಡಿಲ ಇರಲಿ. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ. ಬ್ಯಾಟಿನಿಂದ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊರಟರೆ ಅದರಲ್ಲಿ 72 ಜೂಲ್ ಶಕ್ತಿ. ಬಲೆ ಅರ್ಧ ಮೀಟರ್ ಹಿಂದಕ್ಕೆ ಸರಿದು ಚೆಂಡನ್ನು ನಿಲ್ಲಿಸಿದರೆ ಸರಾಸರಿ ಬಲ ಸುಮಾರು 15 ಕಿಲೋ ತೂಕದಷ್ಟು. ಬಿಗಿ ಬಲೆ 5 ಸೆಂಟಿಮೀಟರಿನಲ್ಲೇ ನಿಲ್ಲಿಸಿದರೆ ಅದರ ಹತ್ತರಷ್ಟು, ಮೇಲಿಂದ ಚೆಂಡು ವಾಪಸ್ಸು ಮುಖಕ್ಕೇ ಬರುತ್ತೆ. ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಬಲೆಯೂ ಹಾಗೇ ಮಾಡಬೇಕು. ಅದಕ್ಕೇ ಬಲೆಗೂ ಗೋಡೆಗೂ ನಡುವೆ ಜಾಗ ಬೇಕು ಅಂದಿದ್ದು.

ಅಟ್ಲಾಂಟಾದವರಿಗೆ ಇನ್ನೆರಡು ಮಾತು. ಬೇಸಿಗೆಯಲ್ಲಿ ಮುಚ್ಚಿದ ಗ್ಯಾರೇಜು ಬಾಣಲೆಯಂತೆ ಕಾಯುತ್ತೆ, ಜೊತೆಗೆ ತೇವ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅಭ್ಯಾಸ ಬೆಳಗ್ಗೆಯೇ ಇರಲಿ. ಎರಡನೆಯದು ಬೇಸ್‌ಮೆಂಟಿಗೆ ಸಂಬಂಧಿಸಿದ್ದು. ಇಲ್ಲಿನ ನೆಲದಡಿ ಗ್ರಾನೈಟ್ ಬಂಡೆ ಜಾಸ್ತಿ. ಅದರಲ್ಲಿರುವ ಯುರೇನಿಯಂನ ಅಂಶದಿಂದ ಹುಟ್ಟುವ ರೇಡಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೆಲದ ಬಿರುಕಿನಿಂದ ಮೇಲೆ ಬಂದು ಬೇಸ್‌ಮೆಂಟಿನಲ್ಲಿ ಸೇರಿಕೊಳ್ಳುತ್ತೆ. ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟಿನ ನಂತರದ ದೊಡ್ಡ ಕಾರಣ ಇದು. ಫುಲ್ಟನ್, ಕಾಬ್, ಡಿಕಾಲ್ಬ್, ಗ್ವಿನೆಟ್ ಈ ನಾಲ್ಕೂ ಕೌಂಟಿಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ರೇಡಾನ್ ಹೆಚ್ಚಿರಬಹುದಾದ ಮೊದಲ ವಲಯದಲ್ಲಿಟ್ಟಿದೆ. ಜಾನ್ಸ್ ಕ್ರೀಕ್ ಇರುವುದು ಫುಲ್ಟನ್ನಿನಲ್ಲೇ. ಮಗು ದಿನಾ ಒಂದು ಗಂಟೆ ಏದುಸಿರು ಬಿಡುವ ಜಾಗ ಅಂದಮೇಲೆ, ಬಲೆಗೆ ಮೊದಲು ಪರೀಕ್ಷೆಯ ಕಿಟ್ ತನ್ನಿ. ಪ್ರತಿ ಲೀಟರ್ ಗಾಳಿಗೆ 4 ಪಿಕೊಕ್ಯೂರಿ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಪಡಿಸಿಕೊಳ್ಳಬೇಕು ಅಂತ ಅದೇ ಸಂಸ್ಥೆ ಹೇಳುತ್ತೆ.

ಗಲ್ಲಿಯ ಬುದ್ಧಿವಂತಿಕೆ

ಜಾಗಕ್ಕೆ ಯಂತ್ರ ಹೊಂದಿಸುವುದು ಒಂದು ದಾರಿಯಾದರೆ, ಆಟವನ್ನೇ ಜಾಗಕ್ಕೆ ಹೊಂದಿಸುವುದು ಇನ್ನೊಂದು. 1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಅನ್ನುವ ಶಿಕ್ಷಕರು ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಆಡಬಹುದಾದ ಫುಟ್‌ಬಾಲ್ ರೂಪಿಸಿದರು. ಅದೇ ಇವತ್ತಿನ ಫುಟ್ಸಾಲ್. ಅದರ ಚೆಂಡು ಚಿಕ್ಕದು, ಪುಟಿತವೂ ಕಮ್ಮಿ. ಚೆಂಡು ಮೇಲೆ ಹಾರದೆ ಕಾಲಿನ ಹತ್ತಿರವೇ ಉಳಿಯುತ್ತೆ, ಪ್ರತಿಯೊಬ್ಬರಿಗೂ ಹೆಚ್ಚು ಸಲ ಸಿಗುತ್ತೆ. ಬ್ರೆಜಿಲ್‌ನ ಎಷ್ಟೋ ಆಟಗಾರರು ಚಿಕ್ಕಂದಿನಲ್ಲಿ ಇದನ್ನಾಡಿ ಬೆಳೆದವರು.

ನಮ್ಮ ಬೀದಿಗಳಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಂಪೌಂಡ್ ದಾಟಿದರೆ ಔಟು. ಒಂದು ಪಿಚ್ಚು ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟು. ಎದುರುಮನೆ ಅಂಕಲ್ ಕಾರಿಗೆ ತಾಗಿದರೆ ಆಟವೇ ಮುಗೀತು. ಈ ನಿಯಮಗಳೇ ನಮ್ಮ ಎಂಜಿನಿಯರಿಂಗ್. ಎತ್ತಿ ಹೊಡೆಯಲು ಬಿಡದೆ, ನೆಲಕ್ಕಂಟಿಸಿ ಸಂದಿಯಲ್ಲಿ ತೂರಿಸುವುದನ್ನು ಕಲಿಸಿದ್ದು ಅವೇ. ಆಸ್ಟ್ರೇಲಿಯಾದ ಬೌರಲ್ ಊರಿನಲ್ಲಿ ಡಾನ್ ಬ್ರಾಡ್ಮನ್ ಹುಡುಗನಾಗಿದ್ದಾಗ ಮನೆಯ ಹಿಂದಿನ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ವಾಪಸ್ಸು ಬಂದದ್ದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದರು. ಕಟ್ಟೆ ದುಂಡಗಿದ್ದರಿಂದ ಚೆಂಡು ಯಾವ ಕಡೆ ಬರುತ್ತೆ ಅಂತ ಹೇಳುವಂತಿರಲಿಲ್ಲ. ಆ ಆಟದಲ್ಲಿ ಪಿಚ್ಚೂ ಇಲ್ಲ, ಬೌಲರೂ ಇಲ್ಲ. ಚೆಂಡನ್ನು ತಕ್ಷಣ ಗುರುತಿಸಿ ತೆಳುವಾದ ಕೋಲಿಗೆ ತಾಗಿಸುವ ಅಭ್ಯಾಸ ಮಾತ್ರ ಇತ್ತು, ಅದು ಬೇಕಾದಷ್ಟು ಇತ್ತು.

ಹಾಗಾಗಿ ಜಾನ್ಸ್ ಕ್ರೀಕಿನ ಆ ತಾಯಿಗೆ ನಾವು ಬರೆದ ಉತ್ತರ ಇದು. ಗ್ಯಾರೇಜಿಗೆ ಬೌಲಿಂಗ್ ಮಷೀನು ಬೇಡ. ಸಡಿಲವಾದ ಒಂದು ಬಲೆ, ಮೆತ್ತನೆ ಚೆಂಡುಗಳು, ಒಂದು ಹಾಸು ಸಾಕು. ಅಲ್ಲಿ ಕೈಯ ಕೆಲಸ ಮಾಡಿಸಿ: ಹತ್ತಿರದಿಂದ ಕೆಳಗೈಯಲ್ಲಿ ಎಸೆದ ಚೆಂಡನ್ನು ತಡೆಯುವುದು, ತೆಳು ಬ್ಯಾಟಿನಿಂದ ನಡುಭಾಗಕ್ಕೆ ತಾಗಿಸುವುದು, ಮಂಡಿಯೂರಿ ಸ್ವೀಪು, ಗೋಡೆಗೆ ಎಸೆದು ಕ್ಯಾಚು. ಸ್ಪಿನ್ ಹಾಕುವ ಆಸೆಯಿದ್ದರೆ ಬೆರಳಿನ ತಿರುವನ್ನು ಐದಡಿ ದೂರದಲ್ಲೂ ಕಲಿಯಬಹುದು. ಸೀಲಿಂಗು ಎಂಟಡಿ ಇದ್ದರೆ ಎತ್ತಿ ಹೊಡೆಯುವುದಂತೂ ಬೇಡವೇ ಬೇಡ.

ಕಣ್ಣಿನ ಕೆಲಸವನ್ನು ಮೈದಾನಕ್ಕೇ ಬಿಡಿ. ವಾರಕ್ಕೆ ಮೂರು ಸಲ ಓಡಾಡುವ ಬದಲು ಒಂದು ಸಲ ಹೋಗಿ, ಆದರೆ ಹೋದಾಗ ಮಷೀನಿನ ಮುಂದೆ ಸಾಲು ನಿಲ್ಲಬೇಡಿ. ಓಡಿ ಬಂದು ಕೈ ತಿರುಗಿಸುವ ಮನುಷ್ಯರ ಮುಂದೆ ನಿಲ್ಲಲಿ. ಮಷೀನಿಗೆ ಅಂತ ಎತ್ತಿಟ್ಟ ದುಡ್ಡನ್ನು ಆ ದಿನದ ಖರ್ಚಿಗೆ ಇಟ್ಟುಕೊಳ್ಳಿ.

ಅವರು ವಾಪಸ್ಸು ಬರೆದಿದ್ದರು. ರೇಡಾನ್ ಕಿಟ್ ತರಿಸಿದ್ದಾರಂತೆ, ಬಲೆ ಸಡಿಲವಾಗಿ ಕಟ್ಟಿದ್ದಾರಂತೆ. ಒಂದು ಕಾರು ಮಾತ್ರ ಈಗ ಹೊರಗೆ ನಿಲ್ಲುತ್ತಿದೆ. ಮಗಳು ತಮ್ಮನಿಗೆ ನಿಯಮ ಹಾಕಿದ್ದಾಳೆ: ವಾಟರ್ ಹೀಟರಿಗೆ ತಾಗಿದರೆ ಔಟು.

ನಿಮ್ಮ ಮನೆಯ ನಿಯಮ ಏನು? ಬರೆದು ತಿಳಿಸಿ.